ಕಿವಿ ಸರಿಯಿದೆ, ಆದರೂ ಪಾಠ ತಲುಪುತ್ತಿಲ್ಲ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ಹಾಗೂ ಇಲಾಖೆಯ ಆಯುಕ್ತರಿಗೆ,

ನಮಸ್ಕಾರ.

ನಾನು ಶ್ರವಣ ಮತ್ತು ಮಾತಿನ ತಜ್ಞೆ. ಓದು ಬರಹದಲ್ಲಿ ಹಿಂದೆ ಬಿದ್ದ ಮಕ್ಕಳ ಕಿವಿ ಪರೀಕ್ಷೆ ಮಾಡುವುದು ನನ್ನ ದಿನನಿತ್ಯದ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಸರ್ಕಾರಿ ಶಾಲೆ ಮಕ್ಕಳೇ ಜಾಸ್ತಿ. ತಮ್ಮಲ್ಲಿ ಎರಡು ವಿಷಯ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಮೂರನೇ ತರಗತಿಯಲ್ಲಿ ಕಲಿಕಾ ನ್ಯೂನತೆ ಗುರುತಿಸಲು ನಡೆಯಬೇಕಾದ ತಪಾಸಣೆಯಲ್ಲಿ, ಮಗು ಗದ್ದಲದ ನಡುವೆ ಮಾತನ್ನು ಹಿಡಿಯಬಲ್ಲದೇ ಎಂಬುದನ್ನೂ ನೋಡುವಂತೆ ಮಾಡಿ. ಹಾಗೆಯೇ, ತರಗತಿಯ ಸದ್ದು ಕಡಿಮೆ ಮಾಡುವುದನ್ನು ಕುಡಿಯುವ ನೀರು, ಶೌಚಾಲಯದಷ್ಟೇ ಅಗತ್ಯದ ಸೌಕರ್ಯ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾಕೆ ಕೇಳುತ್ತಿದ್ದೇನೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮಲ್ಲಿಗೆ ಬರುವ ತಾಯಂದಿರು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. "ಟಿವಿ ಸಣ್ಣಗೆ ಹಾಕಿದ್ರೂ ಕೇಳುತ್ತೆ ಮೇಡಂ, ನಾನು ಕರೆದ್ರೆ ಮಾತ್ರ ಕೇಳಲ್ಲ." ಟೀಚರ್ ಹೇಳಿ ಕಳಿಸಿರುವುದೂ ಅಂಥದ್ದೇ: ಪಾಠದ ಕಡೆ ಗಮನ ಇಲ್ಲ, ಹೇಳಿದ್ದನ್ನು ಇನ್ನೊಂದು ಸಲ ಹೇಳಬೇಕು, ಪಕ್ಕದವರ ಪುಸ್ತಕ ನೋಡುತ್ತಾನೆ. ನಾವು ಮಗುವನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸುತ್ತೇವೆ. ಹೆಡ್‌ಫೋನ್ ಹಾಕಿ ಬೀಪ್ ಕೇಳಿಸುತ್ತೇವೆ. ಕೇಳಿಸಿದಾಗೆಲ್ಲ ಮಗು ಕೈ ಎತ್ತುತ್ತದೆ. ಅತಿ ಸಣ್ಣ ಬೀಪಿಗೂ ಎತ್ತುತ್ತದೆ. ಕೊನೆಗೆ 'ಶ್ರವಣ ಸಾಮರ್ಥ್ಯ ಸಾಮಾನ್ಯ' ಎಂದು ಬರೆದು ಕೊಡುತ್ತೇವೆ.

ಎಷ್ಟೋ ಕಡೆ ಪರೀಕ್ಷೆ ಇಲ್ಲಿಗೆ ಮುಗಿದುಹೋಗುತ್ತದೆ. ಆ ಚೀಟಿ ಮಗುವಿಗೆ ಒಳ್ಳೆಯದು ಮಾಡುವ ಬದಲು ಕೆಟ್ಟದ್ದನ್ನೇ ಮಾಡುತ್ತದೆ. ಕಿವಿ ಸರಿಯಿದೆ ಅಂದರಲ್ಲ, ಹಾಗಿದ್ದರೆ ಇವನು ಬೇಕಂತಲೇ ಹೀಗೆ ಮಾಡುತ್ತಾನೆ ಎಂದು ಮನೆಯಲ್ಲೂ ಶಾಲೆಯಲ್ಲೂ ತೀರ್ಮಾನವಾಗುತ್ತದೆ. ಅಲ್ಲಿಯವರೆಗೆ ಅನುಮಾನದ ಲಾಭ ಸಿಗುತ್ತಿದ್ದ ಮಗುವಿಗೆ ಈಗ ಬೈಗುಳ, ಕೆಲವೊಮ್ಮೆ ಏಟು. ಇದನ್ನು ನೋಡುವುದು ನನಗೆ ತುಂಬ ಕಷ್ಟ.

ಬೀಪ್ ಪರೀಕ್ಷೆ ಅಳೆಯುವುದು ಒಂದೇ ಸಂಗತಿಯನ್ನು. ನಿಶ್ಶಬ್ದದಲ್ಲಿ ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಎಂಬುದನ್ನು. ತರಗತಿಯಲ್ಲಿ ಮಗು ಮಾಡಬೇಕಾದ ಕೆಲಸವೇ ಬೇರೆ. ಕಿವಿ ಹಿಡಿದ ಸದ್ದು ನರದ ಮೂಲಕ ಮಿದುಳಿನ ಕಾಂಡಕ್ಕೆ ಹೋಗಿ, ಅಲ್ಲಿಂದ ಹಂತಹಂತವಾಗಿ ಮೇಲೇರಬೇಕು. ಆ ದಾರಿಯಲ್ಲಿ ಟೀಚರ್ ದನಿ ಬೇರೆ, ಫ್ಯಾನಿನ ಸದ್ದು ಬೇರೆ, ಪಕ್ಕದ ತರಗತಿಯ ಮಗ್ಗಿ ಬೇರೆ ಎಂದು ವಿಂಗಡವಾಗಬೇಕು. ಮೊರದಲ್ಲಿ ಅಕ್ಕಿ ಕೇರಿ ಕಲ್ಲು ಆರಿಸುವಂಥ ಕೆಲಸ ಇದು. ಎರಡು ಕಿವಿಗೆ ಬಂದ ಸದ್ದು ಒಂದಕ್ಕೊಂದು ಹೊಂದಬೇಕು. ಯಾವ ಸದ್ದು ಮೊದಲು ಬಂತು, ಯಾವುದು ಆಮೇಲೆ, ನಡುವೆ ಎಷ್ಟು ಹೊತ್ತು ಮೌನವಿತ್ತು ಎಂಬುದೂ ತಿಳಿಯಬೇಕು. ಇಷ್ಟೆಲ್ಲವನ್ನೂ ಸೇರಿಸಿ ನಾವು ಆಡಿಟರಿ ಪ್ರೊಸೆಸಿಂಗ್, ಅಂದರೆ ಶ್ರವಣ ಸಂಸ್ಕರಣೆ ಎನ್ನುತ್ತೇವೆ. ಕಿವಿ ಚೆನ್ನಾಗಿದ್ದೂ ಈ ಕೆಲಸದಲ್ಲಿ ಮಗು ಸೋಲಬಹುದು.

ಕನ್ನಡ ಕಲಿಯುವ ಮಗುವಿಗೆ ಇದರಿಂದ ಏನಾಗುತ್ತದೆ ನೋಡಿ. 'ಕತೆ' ಮತ್ತು 'ಕತ್ತೆ' ಹೇಳಿ ನೋಡಿ. ಎರಡರಲ್ಲೂ ಇರುವುದು ಅದೇ ಕ, ಅದೇ ತ, ಅದೇ ಎ. 'ಕತ್ತೆ' ಎನ್ನುವಾಗ ನಾಲಿಗೆ ಗಾಳಿಯನ್ನು ಸ್ವಲ್ಪ ಜಾಸ್ತಿ ಹೊತ್ತು ತಡೆಯುತ್ತದೆ. ಆ ಜಾಸ್ತಿ ಹೊತ್ತು ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. 'ಬಲ', 'ಬಾಲ' ನಡುವೆ ಇರುವುದೂ ಸ್ವರ ಎಷ್ಟು ಹೊತ್ತು ಎಳೆಯಿತು ಎಂಬ ವ್ಯತ್ಯಾಸವೇ. 'ಕರಿ', 'ಗರಿ' ಇನ್ನೂ ಸೂಕ್ಷ್ಮ. ನಮ್ಮ ಬರವಣಿಗೆ ಇಂಥ ಒಂದೊಂದು ವ್ಯತ್ಯಾಸವನ್ನೂ ಬರೆದು ತೋರಿಸುತ್ತದೆ. ದೀರ್ಘಕ್ಕೆ ಒಂದು ಗುರುತು, ಒತ್ತಿಗೆ ಇನ್ನೊಂದು. ಕಿವಿಗೆ ಸ್ಪಷ್ಟವಾಗದ ಒತ್ತನ್ನು ಮಗು ಕೈಯಲ್ಲಿ ಬರೆಯುವುದಾದರೂ ಹೇಗೆ?

ಅದಕ್ಕೇ ನಾನು ಯಾವಾಗಲೂ ಉಕ್ತಲೇಖನದ ಪುಸ್ತಕ ತರಲು ಹೇಳುತ್ತೇನೆ. ಅಂಕ ಎಷ್ಟು ಬಂತು ಎಂದು ನಾನು ನೋಡುವುದಿಲ್ಲ. ತಪ್ಪು ಯಾವ ಬಗೆಯದು ಎಂದು ನೋಡುತ್ತೇನೆ. ಬೋರ್ಡಿನಿಂದ ನೋಡಿ ಬರೆದದ್ದು ಸರಿಯಿದ್ದು, ಕೇಳಿ ಬರೆದದ್ದರಲ್ಲಿ ಮಾತ್ರ ಒತ್ತು ಬಿಟ್ಟಿದ್ದರೆ, ದೀರ್ಘ ಹೋಗಿದ್ದರೆ, ಕ ಇರುವಲ್ಲಿ ಗ ಬಂದಿದ್ದರೆ, ಮುಂದಿನ ಪರೀಕ್ಷೆ ಬೇಕು ಎಂದರ್ಥ. ಅದೊಂದನ್ನೇ ನೋಡಿ ಮಗುವಿಗೆ ಯಾವ ಹೆಸರನ್ನೂ ಹಚ್ಚಬಾರದು. ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ 'ಹಾಲು' ಎನ್ನುವುದು 'ಆಲು' ಆಗುತ್ತದೆ. ಅದು ಆ ಊರಿನ ಮಾತು, ಕಾಯಿಲೆಯಲ್ಲ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು, ಮರಾಠಿ ಆಡುವ ಮಗುವಿಗೆ ಶಾಲೆಯಲ್ಲಿ ಕನ್ನಡದ ಸದ್ದುಗಳಿಗೆ ಹೊಂದಿಕೊಳ್ಳಲು ಸಮಯ ಬೇಕು. ಕನ್ನಡದ ಅಕ್ಷರಗಳೂ ಒಂದೆರಡು ವರ್ಷದಲ್ಲಿ ಕಲಿತು ಮುಗಿಯುವಂಥವಲ್ಲ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿದೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನಮ್ಮ ಮಕ್ಕಳು ನೂರಾರು ರೂಪಗಳನ್ನು ಕಲಿಯಬೇಕು. ಎರಡನೇ ತರಗತಿಯಲ್ಲಿ ತಡವರಿಸುವ ಮಗುವಿಗೆಲ್ಲ ನ್ಯೂನತೆ ಇದೆ ಎನ್ನುವುದು ದೊಡ್ಡ ತಪ್ಪಾಗುತ್ತದೆ.

ಇನ್ನು ಕಲಿಕೆಯ ಮಾತು. ಟೀಚರ್ ಹೇಳುತ್ತಾರೆ: "ಗಣಿತ ಪುಸ್ತಕ ತೆಗೀರಿ, ನಲವತ್ತೆರಡನೇ ಪುಟ, ಮೂರನೇ ಲೆಕ್ಕ ಬರ್ಕೊಳ್ಳಿ." ಇಂಥ ಮಗು ಪುಸ್ತಕ ತೆಗೆಯುತ್ತದೆ. ಆಮೇಲೆ ಸುತ್ತ ನೋಡುತ್ತದೆ. ಪುಟದ ಸಂಖ್ಯೆ ಕಿವಿಗೆ ಬಿದ್ದಿದೆ, ಆದರೆ ಉಳಿದಿಲ್ಲ. ಕೇಳಿದ್ದನ್ನು ಕೆಲವು ಕ್ಷಣ ತಲೆಯಲ್ಲಿ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಶಕ್ತಿಗೆ ಮನಶ್ಶಾಸ್ತ್ರದವರು ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅದರಲ್ಲಿ ಜಾಗ ಕಡಿಮೆ. ಮಾತನ್ನು ಬಿಡಿಸಿಕೊಳ್ಳುವುದಕ್ಕೇ ಆ ಜಾಗವೆಲ್ಲ ಖರ್ಚಾದರೆ ಅರ್ಥ ಮಾಡಿಕೊಳ್ಳಲು ಏನೂ ಉಳಿಯುವುದಿಲ್ಲ. ಬಾಯಿಲೆಕ್ಕ, ಕತೆ ಕೇಳಿ ಪ್ರಶ್ನೆಗೆ ಉತ್ತರ ಹೇಳುವುದು, ಮಗ್ಗಿ, ಎಲ್ಲದರಲ್ಲೂ ಪೆಟ್ಟು ಬೀಳುತ್ತದೆ. ಬೆಳಿಗ್ಗೆ ಪರವಾಗಿಲ್ಲ ಎನ್ನುವಂತಿದ್ದ ಮಗು ಬಿಸಿಯೂಟದ ನಂತರ ಪೂರ್ತಿ ಸೋತಿರುತ್ತದೆ. ಇಡೀ ಬೆಳಿಗ್ಗೆ ಅದು ಬೇರೆ ಮಕ್ಕಳಿಗಿಂತ ಎಷ್ಟೋ ಜಾಸ್ತಿ ದುಡಿದಿದೆ, ಅಲ್ವಾ?

ಇಲ್ಲಿ ಒಂದು ಚರ್ಚೆಯನ್ನು ತಮ್ಮಿಂದ ಮುಚ್ಚಿಡಬಾರದು. ಇದು ಕಿವಿಯ ದಾರಿಯ ತೊಂದರೆಯೋ, ಗಮನ ಮತ್ತು ನೆನಪಿನ ತೊಂದರೆಯೋ ಎಂಬ ಬಗ್ಗೆ ನಮ್ಮ ಕ್ಷೇತ್ರದಲ್ಲೇ ಭಿನ್ನಾಭಿಪ್ರಾಯವಿದೆ. 2010ರಲ್ಲಿ ಬ್ರಿಟನ್ನಿನ ಡೇವಿಡ್ ಮೂರ್ ಮತ್ತು ಸಂಗಡಿಗರು 6ರಿಂದ 11 ವರ್ಷದ ಸುಮಾರು 1,500 ಮಕ್ಕಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದರು. ಕೇಳುವುದರಲ್ಲಿ ಕಷ್ಟಪಡುವ ಮಕ್ಕಳ ತೊಂದರೆಗೆ ಸದ್ದು ಗ್ರಹಿಸುವ ಶಕ್ತಿಗಿಂತ ಗಮನದ ಏರುಪೇರು ಮತ್ತು ಅರಿವಿನ ಸಾಮರ್ಥ್ಯದ ನಂಟೇ ಹೆಚ್ಚು ಎಂದು ಅವರು ಹೇಳಿದರು. ಅದರ ಹಿಂದಿನ ವರ್ಷ, 2009ರಲ್ಲಿ, ಮೃದುಲಾ ಶರ್ಮಾ ಮತ್ತು ಸಂಗಡಿಗರ ಅಧ್ಯಯನ ಬಂದಿತ್ತು. ಶ್ರವಣ ಸಂಸ್ಕರಣೆಯ ತೊಂದರೆ ಇರಬಹುದೆಂದು ಕಳಿಸಿದ್ದ 68 ಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಕ್ಕಳಿಗೆ ಕೇಳುವುದು, ಭಾಷೆ, ಓದು ಮೂರರಲ್ಲೂ ತೊಂದರೆ ಕಂಡುಬಂತು.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಮಗುವನ್ನು ತುಂಡು ತುಂಡಾಗಿ ನೋಡಬಾರದು. ಕಿವಿಯವರು ಕಿವಿ ಸರಿಯಿದೆ ಎಂದು ಕಳಿಸಿ, ಮನಶ್ಶಾಸ್ತ್ರದವರು ಬುದ್ಧಿಮಟ್ಟ ಸರಿಯಿದೆ ಎಂದು ಕಳಿಸಿ, ಟೀಚರ್ ಓದು ಬರುವುದಿಲ್ಲ ಎಂದು ಬರೆದರೆ ಮಗು ಇದ್ದಲ್ಲೇ ಇರುತ್ತದೆ. ಕೇಳುವುದು, ಗಮನ, ನೆನಪು, ಭಾಷೆ, ಓದು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಹೆಸರು ಏನೇ ಇಟ್ಟರೂ ತರಗತಿಯಲ್ಲಿ ಆ ಮಗುವಿಗೆ ಬೇಕಾದ ಸಹಾಯ ಹೆಚ್ಚು ಬದಲಾಗುವುದಿಲ್ಲ.

ಸಹಾಯ ಮಾಡಬೇಕೆಂದು ಕಾನೂನೇ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯನ್ನೂ ಸೇರಿಸಿದೆ. ಮಾತಿನ ಭಾಷೆಯಾಗಲಿ ಬರಹದ ಭಾಷೆಯಾಗಲಿ, ಅದನ್ನು ಸಂಸ್ಕರಿಸುವುದರಲ್ಲಿ ಇರುವ ಕೊರತೆ ಎಂದೇ ಅದರ ವಿವರಣೆ ಶುರುವಾಗುತ್ತದೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ಕಲಿಸುವ ರೀತಿಯನ್ನು ಹೊಂದಿಸಬೇಕು ಎಂದು 16ನೇ ಸೆಕ್ಷನ್ ಶಾಲೆಗಳಿಗೆ ಹೇಳುತ್ತದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಇನ್ನೂ ಸ್ಪಷ್ಟ. ಮೂರನೇ ತರಗತಿಯಲ್ಲಿ ಅಥವಾ ಎಂಟು ವರ್ಷಕ್ಕೆ, ಯಾವುದು ಮೊದಲೋ ಆಗ, ಶಿಕ್ಷಕರೇ ತಪಾಸಣೆ ಮಾಡಬೇಕು. ಅದಕ್ಕೆ ಮುಖ್ಯ ಶಿಕ್ಷಕರ ಮುಂದಾಳತ್ವದಲ್ಲಿ ಪ್ರತಿ ಶಾಲೆಯಲ್ಲೂ ಸಮಿತಿ ಇರಬೇಕು. ನಾನು ಮಾತಾಡಿಸಿದ ಎಷ್ಟೋ ಶಿಕ್ಷಕರಿಗೆ ಇಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲಾತಿ, ಸಮೀಕ್ಷೆ ಎಲ್ಲ ಮಾಡುವವರು ಅವರು. ಕೈಗೆ ಒಂದು ಸುಲಭದ ಹಾಳೆ ಕೊಟ್ಟರೆ ಖಂಡಿತ ಮಾಡುತ್ತಾರೆ.

ಆ ಹಾಳೆಯನ್ನು ಹೊಸದಾಗಿ ತಯಾರಿಸಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರೊ. ಆಶಾ ಯತಿರಾಜ್ ಮತ್ತು ಸಂಗಡಿಗರು ಹಿಂದೆಯೇ ಒಂದು ಪ್ರಶ್ನಾವಳಿ ಸಿದ್ಧಮಾಡಿದ್ದಾರೆ. ಹನ್ನೆರಡು ಪ್ರಶ್ನೆಗಳು ಅಷ್ಟೇ. ಗದ್ದಲದಲ್ಲಿ ಮಾತು ಹಿಡಿಯಲು ಕಷ್ಟವೇ, ಕೇಳಿದ್ದನ್ನು ಬೇಗ ಮರೆಯುತ್ತದೆಯೇ ಎಂಬ ರೀತಿಯವು. ಮಗುವನ್ನು ದಿನವೂ ನೋಡುವ ಟೀಚರ್ ಹೌದು, ಇಲ್ಲ ಎಂದು ಗುರುತು ಹಾಕಿದರೆ ಸಾಕು. ಮುಂದಿನ ಹಂತಕ್ಕೆ ಒಂದು ಚಿಕ್ಕ ಪರೀಕ್ಷೆಯನ್ನೂ ಅವರು ಮಾಡಿದ್ದಾರೆ. ಗದ್ದಲದಲ್ಲಿ ಮಾತು, ಎರಡು ಕಿವಿಗೆ ಒಟ್ಟಿಗೆ ಬೇರೆ ಬೇರೆ ಅಕ್ಷರ, ಸದ್ದಿನ ನಡುವಿನ ಸಣ್ಣ ಬಿಡುವು, ಕೇಳಿದ್ದರ ನೆನಪು, ಈ ನಾಲ್ಕನ್ನು ಅದು ನೋಡುತ್ತದೆ. ನಮ್ಮ ರಾಜ್ಯದ ಊರಲ್ಲೇ ತಯಾರಾದ ಈ ಸಾಧನಗಳು ನಮ್ಮ ಶಾಲೆಗಳಿಗೆ ಇನ್ನೂ ತಲುಪದೇ ಇರುವುದು ಬೇಸರದ ಸಂಗತಿ.

ಮಗುವನ್ನು ಎಲ್ಲಿಗೆ ಕಳಿಸಬೇಕು ಎಂಬುದಕ್ಕೂ ವ್ಯವಸ್ಥೆ ಇದೆ. ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಿವಿಯ ಸೋಂಕು, ಶ್ರವಣ ದೋಷ, ಕಲಿಕಾ ತೊಂದರೆ ಮೂರೂ ಇವೆ. ಅದರ ಜಿಲ್ಲಾ ಕೇಂದ್ರಗಳಿಗೆ ಶ್ರವಣ ಮತ್ತು ಮಾತಿನ ತಜ್ಞರ ಹುದ್ದೆಯೂ ಇದೆ. ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗಲು ತಾಲ್ಲೂಕಿಗೆ ಬಿಐಇಆರ್‌ಟಿ (ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರಿದ್ದಾರೆ. ಕೊರತೆ ಇರುವುದು ಇವರನ್ನೆಲ್ಲ ಜೋಡಿಸುವ ಒಂದು ಎಳೆಯಲ್ಲಿ. ಶಾಲೆ ತುಂಬಿದ ಹಾಳೆ ಬಿಆರ್‌ಸಿಗೆ, ಅಂದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಬೇಕು, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು, ಅಲ್ಲಿಂದ ಉತ್ತರ ಮತ್ತೆ ಆ ಟೀಚರ್ ಕೈಗೇ ಬರಬೇಕು. ಇಷ್ಟಾದರೆ ಎಷ್ಟೋ ಕೆಲಸ ಆದಂತೆ. ಶಿಕ್ಷಣ ಇಲಾಖೆ ಮತ್ತು ಆರೋಗ್ಯ ಇಲಾಖೆ ಕೂತು ಮಾತಾಡದೆ ಇದು ಆಗುವುದಿಲ್ಲ.

ಆ ಹಾಳೆಯಲ್ಲಿ ಮೊದಲ ಸಾಲು ಸರಳವಾಗಿರಲಿ: ಮಗುವಿನ ಕಿವಿ ಸೋರುತ್ತದೆಯೇ? ಎಷ್ಟೋ ಮಕ್ಕಳಿಗೆ ನೆಗಡಿಯಾದಾಗೆಲ್ಲ ಕಿವಿಯೊಳಗೆ ನೀರು ತುಂಬಿ ಕೆಲವು ವಾರ ಸದ್ದು ಮಂಕಾಗುತ್ತದೆ, ಆಮೇಲೆ ಸರಿಯಾಗುತ್ತದೆ, ಮತ್ತೆ ಮಂಕಾಗುತ್ತದೆ. ಭಾಷೆ ಕಲಿಯುವ ವಯಸ್ಸಿನಲ್ಲಿ ಹೀಗೆ ಬಂದು ಹೋಗುವ ಕಿವುಡು ಯಾರ ಗಮನಕ್ಕೂ ಬರುವುದಿಲ್ಲ. ಮನೆಯಲ್ಲಿ ಎಣ್ಣೆ ಕಾಯಿಸಿ ಕಿವಿಗೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ ಎಂದು ಓದುಗರಲ್ಲೂ ಕೇಳಿಕೊಳ್ಳುತ್ತೇನೆ. ಸೋರುವ ಕಿವಿಯನ್ನು ವೈದ್ಯರಿಗೇ ತೋರಿಸಬೇಕು.

ಇನ್ನು ತರಗತಿಯ ಗದ್ದಲ. ನನ್ನ ಮಟ್ಟಿಗೆ ಇದೇ ಈ ಪತ್ರದ ಮುಖ್ಯ ವಿಷಯ. ಪರೀಕ್ಷೆಯಿಂದ ಉಪಯೋಗವಾಗುವುದು ಕೆಲವು ಮಕ್ಕಳಿಗೆ. ಸದ್ದು ಕಡಿಮೆ ಮಾಡಿದರೆ ಎಲ್ಲರಿಗೂ ಉಪಯೋಗ.

ಪಾಠ ನಡೆಯುವಾಗ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು, ದನಿಯ ಪ್ರತಿಧ್ವನಿ 0.6 ಸೆಕೆಂಡಿನಷ್ಟರಲ್ಲಿ ಅಡಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಟೀಚರ್ ದನಿ ಸುತ್ತಲಿನ ಸದ್ದಿಗಿಂತ 15 ಡೆಸಿಬಲ್ ಮೇಲಿದ್ದರೆ ಮಕ್ಕಳಿಗೆ ಮಾತು ಸ್ಪಷ್ಟವಾಗುತ್ತದೆ ಎಂಬುದು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. ಈಗ ನಮ್ಮ ಕೋಣೆಗಳನ್ನು ನೆನಪಿಸಿಕೊಳ್ಳಿ. ಸಿಮೆಂಟು ನೆಲ, ಬೋಳು ಗೋಡೆ, ಮೇಲೆ ಶೀಟು. ಎರಡು ತರಗತಿಗಳ ನಡುವೆ ಸೂರು ಮುಟ್ಟದ ಅಡ್ಡಗೋಡೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಶೀಟಿನ ಕೆಳಗೆ ಪಾಠ ಹೇಳುವುದೇ ಸಾಹಸ. ಪೇಟೆಯ ಶಾಲೆಯಲ್ಲಿ ಕಿಟಕಿಯಾಚೆ ಬಸ್ಸಿನ ಹಾರ್ನ್. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಆ ಕೊರತೆಯನ್ನು ಪ್ರತಿಧ್ವನಿ ತುಂಬುತ್ತದೆ ನಿಜ, ಆದರೆ ಅದು ತುಂಬುವುದು ಕಲಸಿದ ಸದ್ದನ್ನು. ಕೊನೇ ಸಾಲಿನ ಮಗುವಿಗೆ ತಲುಪುವುದು ಏನು ಎಂದು ಬೇರೆ ಹೇಳಬೇಕಾಗಿಲ್ಲ. ದೊಡ್ಡವರಾದ ನಾವು ಅರ್ಧ ಕೇಳಿಸಿದ ವಾಕ್ಯವನ್ನು ಅನುಭವದಿಂದ ಪೂರ್ತಿ ಮಾಡಿಕೊಳ್ಳುತ್ತೇವೆ. ಹೊಸ ಪದ ಕಲಿಯಲು ಬಂದ ಮಗುವಿಗೆ ಆ ಅನುಕೂಲ ಇಲ್ಲ. ಗದ್ದಲದಲ್ಲಿ ಮಾತು ಹಿಡಿಯುವ ಶಕ್ತಿ ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ.

ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಯ ಬಗ್ಗೆ ನನಗೆ ಗೌರವವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿ ಮಕ್ಕಳಿಗೆ ಶಾಲೆಯ ಭಯ ಬಿಡಿಸಿತು. ಆದರೆ ಗುಂಪು ಗುಂಪಾಗಿ ಕೂತು ಮಾತಾಡುತ್ತ ಕಲಿಯುವ ಕೋಣೆಯಲ್ಲಿ ಸದ್ದು ಇದ್ದೇ ಇರುತ್ತದೆ. ಮಾತು ಹಿಡಿಯಲು ಕಷ್ಟಪಡುವ ಮಗು ಅಲ್ಲಿ ಕಳೆದುಹೋಗುತ್ತದೆ. ಪದ್ಧತಿ ಬಿಡಬೇಡಿ. ದಿನಕ್ಕೆ ಒಂದಿಷ್ಟು ಹೊತ್ತು ಎಲ್ಲ ಗುಂಪುಗಳೂ ಸುಮ್ಮನಿದ್ದು ಟೀಚರ್ ಮಾತು ಕೇಳುವ ಸಮಯವನ್ನು ಅದರೊಳಗೇ ಸೇರಿಸಿ. ಹೊಸ ಅಕ್ಷರ, ಹೊಸ ಪದ ಹೇಳಿಕೊಡುವುದು ಆ ಹೊತ್ತಿನಲ್ಲೇ ಆಗಲಿ.

ಕೋಣೆ ಸರಿಮಾಡಲು ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ಶೀಟಿನ ಕೆಳಗೆ ಒಂದು ಒಳಸೂರು, ಅಡ್ಡಗೋಡೆಯನ್ನು ಸೂರಿನವರೆಗೆ ಏರಿಸುವುದು, ಬೆಂಚಿನ ಕಾಲಿಗೆ ರಬ್ಬರ್, ಹಿಂದಿನ ಗೋಡೆಗೆ ತೆಂಗಿನ ನಾರಿನ ಚಾಪೆ. ತಿಪಟೂರು, ಅರಸೀಕೆರೆ ಕಡೆ ನಾರಿಗೇನು ಬರವೇ? ಹೊಸ ಕೊಠಡಿ ಕಟ್ಟುವಾಗ ಅಂದಾಜುಪಟ್ಟಿಯಲ್ಲೇ ಇದನ್ನು ಸೇರಿಸಿಬಿಟ್ಟರೆ ಆಮೇಲೆ ಖರ್ಚು ಇನ್ನೂ ಕಡಿಮೆ. ಪಾಪ, ದಿನವಿಡೀ ಕೂಗಿ ಗಂಟಲು ಕೆಡಿಸಿಕೊಂಡು ನಮ್ಮ ಹತ್ತಿರವೇ ಬರುವ ಟೀಚರ್‌ಗಳಿಗೂ ಇದರಿಂದ ಒಳ್ಳೆಯದಾಗುತ್ತದೆ.

ಟೀಚರ್ ಮೈಕಿನಲ್ಲಿ ಮಾತಾಡಿ, ಆ ದನಿ ನೇರ ಮಗುವಿನ ಕಿವಿಗೆ ತಲುಪುವ ಎಫ್‌ಎಂ ಸಾಧನಗಳಿವೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರಾಸ್ ಅವರ ತಂಡ 2012ರಲ್ಲಿ ಇದರ ಬಗ್ಗೆ ಪ್ರಕಟಿಸಿದೆ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ಕಲಿಕಾ ನ್ಯೂನತೆ ಇರುವ ಮಕ್ಕಳು ಒಂದು ಶಾಲಾ ವರ್ಷ ತರಗತಿಯಲ್ಲಿ ಅದನ್ನು ಹಾಕಿಕೊಂಡಾಗ, ಸದ್ದಿಗೆ ಮಿದುಳು ಕೊಡುವ ಪ್ರತಿಕ್ರಿಯೆ ಹೆಚ್ಚು ಸ್ಥಿರವಾಯಿತು, ಓದೂ ಸುಧಾರಿಸಿತು. ಅದು ಚಿಕ್ಕ ಅಧ್ಯಯನ. ಆದರೂ ನಮ್ಮ ಕೆಲವು ಶಾಲೆಗಳಲ್ಲಿ ಪ್ರಯತ್ನಿಸಿ ನೋಡಲು ಅಷ್ಟು ಸಾಕು.

ಒಂದು ಎಚ್ಚರಿಕೆಯ ಮಾತು. ಕಂಪ್ಯೂಟರ್ ಆಟದಿಂದ ಮಿದುಳಿಗೆ ತರಬೇತಿ ಕೊಟ್ಟು ಓದು ಸರಿಮಾಡುತ್ತೇವೆ ಎನ್ನುವ ದುಬಾರಿ ಪ್ಯಾಕೇಜುಗಳಿಗೆ ಇಲಾಖೆಯ ಹಣ ಹಾಕಬೇಡಿ. ಇವುಗಳಲ್ಲಿ ಹೆಚ್ಚು ಹೆಸರಾದ ಫಾಸ್ಟ್ ಫಾರ್‌ವರ್ಡ್ ಮೇಲಿನ ಅಧ್ಯಯನಗಳನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಅದರಿಂದ ಓದು ಸುಧಾರಿಸುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. ಅದೇ ದುಡ್ಡಿಗೆ ಅಕ್ಷರ ಮತ್ತು ಸದ್ದಿನ ನಂಟನ್ನು ನಿಧಾನವಾಗಿ, ಎದುರು ಕೂತು ಹೇಳಿಕೊಡುವ ಒಬ್ಬ ಶಿಕ್ಷಕಿ ಸಿಗುತ್ತಾರೆ. ಅದು ಎಷ್ಟೋ ಮೇಲು.

ಕಾಯದೇ ನಾಳೆಯೇ ಮಾಡಬಹುದಾದದ್ದೂ ಇದೆ. ಇಂಥ ಮಗುವನ್ನು ಮುಂದೆ, ಕಿಟಕಿ ಮತ್ತು ಫ್ಯಾನಿನಿಂದ ದೂರ ಕೂರಿಸುವುದು. ಹೆಸರು ಕರೆದು, ಮುಖ ನೋಡುವಂತೆ ಮಾಡಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು. ಪುಟದ ಸಂಖ್ಯೆ, ಮನೆಕೆಲಸ ಬೋರ್ಡಿನ ಮೇಲೆ ಬರೆಯುವುದು. ಮಗು ಎರಡನೇ ಸಲ ಕೇಳಿದಾಗ ಗದರದೇ ಹೇಳುವುದು. ಉಕ್ತಲೇಖನವನ್ನು ಈ ಮಕ್ಕಳಿಗೆ ಅಂಕಕ್ಕೆ ಸೇರಿಸದಂತೆ ಇಲಾಖೆ ಒಂದು ಸಾಲು ಬರೆದರೆ ಸಾಕು, ಎಷ್ಟೋ ಮಕ್ಕಳ ವಾರ ನೆಮ್ಮದಿಯಾಗುತ್ತದೆ.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮೊದಲು ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಿ ಎಂದು ಕೇಳಿಕೊಳ್ಳುತ್ತೇನೆ. ಅದರ ಜೊತೆ ಮೈಸೂರಿನ ಪ್ರಶ್ನಾವಳಿಯ ಕನ್ನಡ ಪ್ರತಿ ಪ್ರತಿ ಶಾಲೆಗೂ ಹೋಗಲಿ. ಮೊದಲು ಒಂದು ಜಿಲ್ಲೆಯಲ್ಲಿ ಮಾಡಿ ನೋಡುವುದಾದರೂ ಸರಿ. ಶಿಕ್ಷಕರಿಗೆ ತುಂಬುವ ರೀತಿ ತೋರಿಸಲು ಬಿಆರ್‌ಸಿಗಳಿಗೆ ಬರಲು ನನ್ನಂಥ ಎಷ್ಟೋ ಜನ ತಜ್ಞರು ಸಿದ್ಧರಿದ್ದಾರೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಕೊಟ್ಟರೆ ಸಾಕು. ಕರೆದರೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಶ್ರವಣ ಮತ್ತು ಮಾತಿನ ತಜ್ಞೆ